ಕನ್ಸೆಷನ್ ಕಾರ್ಡಿನಷ್ಟು ಸಂದು

ಮರವೂ ಕಬ್ಬಿಣವೂ ಒಟ್ಟಿಗೆ ಕಾದ ವಾಸನೆ ಬಂದರೆ ಈಗಲೂ ನನಗೆ ಮುಳ್ಳೇರಿಯದ ನಮ್ಮ ಮರಗೆಲಸದ ಶೆಡ್ ನೆನಪಾಗುತ್ತದೆ. ಅಪ್ಪ ಹೊಸತಾಗಿ ತಂದ ಚೌಕ ತೂತು ಕೊರೆಯುವ ಮೆಷಿನ್ ಅಂದು ಹಲಸಿನ ಬಾಗಿಲ ದಾರಂದದಲ್ಲಿ ಹೊಗೆಯೆಬ್ಬಿಸಿ, ತೂತಿನ ಅಂಚನ್ನೆಲ್ಲ ಸಿಗಿದು ಹಾಕಿತ್ತು.

“ನಾಳೆಯೇ ಇದನ್ನು ವಾಪಸ್ ಕೊಡು ಮಾರಾಯ,” ಎಂದರು ದೊಡ್ಡಪ್ಪ. ಅಪ್ಪ ತಲೆ ತಗ್ಗಿಸಿದರು.

“ಮರ ಮಾತ್ರ ಸುಟ್ಟರೆ ಕಬ್ಬಿಣದ ವಾಸನೆ ಯಾಕೆ? ಒಳಗೆ ತಿರುಗುವ ಬೈರಿಗೆ ಹೊರಗಿನ ಚೌಕ ಉಳಿಗೆ ಉಜ್ಜುತ್ತಾ ಉಂಟು,” ಎಂದೆ.

“ಏಳನೇ ಕ್ಲಾಸಿನವಳು ನನಗೆ ಕಲಿಸುವುದಾ?” ಎಂದರು ದೊಡ್ಡಪ್ಪ.

ನಾನು ಶಾಲೆಗೆ ಹೋಗುವ ಬಸ್ಸಿನ ಕನ್ಸೆಷನ್ ಕಾರ್ಡನ್ನು ಅಳತೆಗೆಂದು ಅಪ್ಪನಿಗೆ ಕೊಟ್ಟೆ. ಅಪ್ಪ ಬೈರಿಗೆಗೂ ಉಳಿಗೂ ನಡುವೆ ಅದರ ದಪ್ಪದಷ್ಟೇ ಸಂದು ಬಿಟ್ಟು, ಎರಡನ್ನೂ ಬಿಗಿದು ಹೊಸ ತೂತು ಕೊರೆದರು. ಹೊಗೆ ಬರಲಿಲ್ಲ. ದೊಡ್ಡಪ್ಪ ನುಣುಪಾದ ತೂತಿನೊಳಗೆ ಬೆರಳಾಡಿಸಿದರು.

“ಅದೃಷ್ಟ,” ಎಂದರು.

“ಹಾಗಾದರೆ ಇನ್ನೊಂದನ್ನು ನೀವೇ ಕೊರೆಯಿರಿ ದೊಡ್ಡಪ್ಪ.”

ಅವರು ಬಾಯಿ ತೆರೆಯುವ ಮೊದಲೇ ಅಪ್ಪ ಇನ್ನೊಂದು ಮರ ತಂದಿಟ್ಟರು.