ಚೀನಾದ ಕತ್ತರಿ

ಕಾಲೇಜು ಮಾಸ್ತರ ಶಶಿಕುಮಾರ ಮೈಕು ಹಿಡಿದರೆ ಮಾತಿನ ಕಾವಿಗೆ ಕೆಲಗೇರಿ ಕೆರೆಯ ನೀರು ಮೂರು ಅಡಿ ಇಳಿಯುತ್ತದೆ ಎಂದು ಧಾರವಾಡದ ಬಲ್ಲವರು ಹೇಳುತ್ತಾರೆ. ಆ ಭಾನುವಾರ ಹುಬ್ಬಳ್ಳಿಯ ದೇಶಪಾಂಡೆ ನಗರದ ಸಭಾಭವನದಲ್ಲಿ ಅವನು ಶುರು ಹಚ್ಚಿದಾಗ ಕೆರೆ ತಳ ಕಂಡಿರಬೇಕು.

“ಚೀನಾದಾಗ ಮೊದಲ ಸರ್ಕಾರನ ರೊಕ್ಕ ಕೊಟ್ಟು ಸಿನಿಮಾ ಮಾಡಸ್ತಿತ್ತು. ಆಮ್ಯಾಲೆ ಮಾರ್ಕೆಟ್ ತೆರೀತು. ‘ನಿಮ್ಮ ರೊಕ್ಕ ನೀವ ದುಡ್ಕೊಳ್ರಿ’ ಅಂತು. ಸೆನ್ಸಾರ್ ಕತ್ತರಿ ಮಾತ್ರ ಕೈಯಾಗ ಇಟ್ಕೊಂತು! ನಿರ್ದೇಶಕರು ಇತ್ತ ಸಾಹುಕಾರ್ರ ಕಾಲು, ಅತ್ತ ಸರ್ಕಾರದ ಕಾಲು ಒತ್ತಿ ಒತ್ತಿ ಬೆರಳು ಸವೆಸಿಕೊಂಡ್ರು. ನಾ ಆಗಿದ್ರ ಒಂದು ದೃಶ್ಯಾನೂ ಬಿಟ್ಟುಕೊಡ್ತಿರಲಿಲ್ಲ!”

ಅವನ ಪಕ್ಕದ ಮೇಜಿನ ಮೇಲೆ ಹಾರ ಹಾಕಿಸಿಕೊಂಡ ನೀರಿನ ಪಂಪೊಂದು ಕುಳಿತಿತ್ತು. ಪ್ರಾಯೋಜಕ ಅಮರೇಶ ಸಾಹುಕಾರರ ತಾರಿಹಾಳದ ಕಾರ್ಖಾನೆಯದು. ಭವನದ ಬಾಡಿಗೆ ಅವರದು, ಉಪ್ಪಿಟ್ಟು ಅವರದು, ಕುರ್ಚಿ ತುಂಬಲೆಂದು ಎರಡು ಬಸ್ಸಿನಲ್ಲಿ ತಂದಿಳಿಸಿದ ಕಾರ್ಮಿಕರೂ ಅವರವರೇ. ಮೂರು ವರ್ಷದಿಂದ ಶಶಿಕುಮಾರನ ಫಿಲ್ಮ್ ಸೊಸೈಟಿ ಒಂದು ಚಿತ್ರವನ್ನೂ ತೋರಿಸಿರಲಿಲ್ಲ. ಇವತ್ತೂ ತಪ್ಪಿದರೆ ಅದರ ಬೋರ್ಡು ಗುಜರಿಗೇ.

ಚಿತ್ರ ಶುರುವಾಯಿತು. ಚೀನಾದ ಕಾರ್ಖಾನೆಯೊಂದಕ್ಕೆ ಬೀಗ ಬಿತ್ತು. ಕೆಲಸ ಕಳೆದುಕೊಂಡ ಮುದುಕನೊಬ್ಬ ಗೇಟಿನ ಮುಂದೆ ಚಾಪೆ ಹಾಸಿ ಕುಳಿತ. ಭವನದಲ್ಲಿ ಉಪ್ಪಿಟ್ಟು ಅಗಿಯುವ ಸದ್ದು ನಿಂತೇ ಹೋಯಿತು. ಅಮರೇಶ ಎದ್ದು ಬಂದು ಶಶಿಕುಮಾರನ ಕಿವಿಗೆ ಬಾಗಿದರು.

“ಏನ್ರಿ ಮಾಸ್ತರ, ನಮ್ಮ ಮಂದಿಗೆ ಪಾಠ ಹೇಳಾಕತ್ತೀರೇನು? ಹಾರಸ್ರಿ ಇದನ್ನ. ಇಲ್ಲಾಂದ್ರ ಲೈಟ್ ಹಾಕಸ್ತೇನಿ, ಎಲ್ಲಾರೂ ಮನೀಗೆ.”

“ಸರ, ಕಲಾ ಅಂದ್ರ...”

“ಕಲಾ ಇರ್ಲಿ. ಲಗೂ ಹಾರಸ್ರಿ.”

ಶಶಿಕುಮಾರನ ಕಣ್ಣ ಮುಂದೆ ಬೋರ್ಡು ಬಂತು. ಕಲೆಗಾಗಿ ಕೊರಳು ಕೊಡುವೆನೆಂದು ಗುಡುಗುತ್ತಿದ್ದವನ ಬೆರಳು ಲ್ಯಾಪ್‌ಟಾಪಿನ ಮೇಲೆ ಒಂದೇ ನೆಗೆತಕ್ಕೆ ನಲವತ್ತು ನಿಮಿಷ ದಾಟಿತು. ಹನುಮಂತನೂ ಲಂಕೆಗೆ ಅಷ್ಟು ಸಲೀಸಾಗಿ ಹಾರಿರಲಿಕ್ಕಿಲ್ಲ. ಪರದೆಯ ಮೇಲೆ ಅದೇ ಮುದುಕ ಯಾರದೋ ಮದುವೆಯಲ್ಲಿ ಕುಣಿಯುತ್ತಿದ್ದ.

ಚಿತ್ರ ಮುಗಿದ ಮೇಲೆ ಹಿಂದಿನ ಸಾಲಿನಿಂದ ಹುಲಗೇಶ ಎದ್ದು ನಿಂತ. ಪಂಪುಗಳಿಗೆ ಬಣ್ಣ ಹೊಡೆಯುವವನು.

“ಸರ, ಗೇಟಿನ ಮುಂದ ಕುಂತಾಂವ ಒಮ್ಮಿಗೇ ಮದುವ್ಯಾಗ ಹೆಂಗ ಬಂದಾ? ನಡುವಿಂದು ಎಲ್ಲಿ ಹೋತ್ರಿ?”

ಶಶಿಕುಮಾರ ಗಂಟಲು ಸರಿಮಾಡಿಕೊಂಡ. “ನಾ ಹೇಳ್ಲಿಲ್ಲೇನು? ಅದನ್ನ ಚೀನಾ ಸರ್ಕಾರ ಕತ್ತರಿಸೇತಿ.”

ಮೊದಲ ಚಪ್ಪಾಳೆ ಅಮರೇಶರದು.

ಹುಲಗೇಶ ಕೂರಲಿಲ್ಲ. “ಹಂಗಲ್ರಿ ಸರ, ನಾಳೆ ನಮ್ಮ ಪೇಂಟ್ ಶೆಡ್ಡಿಗೂ ಬೀಗ ಹಾಕ್ತಾರಂತ. ಅದಕ್ಕ ಕೇಳಾಕತ್ತೇನಿ. ಆ ಮುದುಕ ಗೇಟಿನ ಮುಂದ ಕುಂತು, ಮುಂದ ಏನ್ ಮಾಡಿದಾ?”

ಶಶಿಕುಮಾರ ಮೈಕು ಆರಿಸಿ, ಪಂಪಿನ ಹಾರ ಸರಿಮಾಡತೊಡಗಿದ.