ಮೆಟ್ಟಿನ ಸದ್ದು

ಚರ್ಮದ ಮೆಟ್ಟಿನ ವಾಸನೆ ಬಂದರೆ ಈಗಲೂ ಶಿರಾಳಕೊಪ್ಪದ ಟೆಂಟ್ ಸಿನಿಮಾ ನೆನಪಾಗುತ್ತದೆ. ಅವತ್ತು ಸಂತೆ ಇತ್ತೋ ಏನೋ, ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಗಂಡಸರಿಗೂ ಹೆಂಗಸರಿಗೂ ನಡುವೆ ಗೋಣಿತಟ್ಟಿನ ಮರೆ ಕಟ್ಟಿದ್ದರು. ಅಪ್ಪ ಆಚೆ, ಅವ್ವ ಮತ್ತು ನಾನು ಈಚೆ.

ಸಿನಿಮಾದಲ್ಲಿ ಕೊಲೆಗಾರನ ಮುಖವನ್ನು ತೋರಿಸಲೇ ಇಲ್ಲ. ಸಂಗೀತ ನಿಂತಿತು. ಮುಚ್ಚಿದ ಬಾಗಿಲಿನಾಚೆ ಮೆಟ್ಟು ಕಿರುಗುಟ್ಟುತ್ತ ಹತ್ತಿರ ಬಂತು. ಚಿಲಕ ಅಲುಗಿದಾಗ ಟೆಂಟೆಲ್ಲ ಕಿರುಚಿತು. ಅವ್ವ ಮಾತ್ರ ಮೆಟ್ಟಿನ ಸದ್ದಿಗೇ ನನ್ನನ್ನು ಬೆನ್ನ ಹಿಂದೆ ಎಳೆದುಕೊಂಡಿದ್ದಳು.

"ಏನ್ರೀ ಅಕ್ಕಾರೆ, ಪಿಕ್ಚರ್ ಮೊದ್ಲೇ ನೋಡಿದ್ರೇನ್ರೀ?" ಪಕ್ಕದವಳು ನಕ್ಕಳು.

"ಮನೇಲಿ ದಿನಾ ನೋಡ್ತೀನಲ್ರೀ," ಎಂದಳು ಅವ್ವ, ತಾನೂ ನಗುತ್ತ.

ಗೋಣಿಯಾಚೆ ಅಪ್ಪ ಕೆಮ್ಮಿದ. ಅವ್ವನ ನಗು ನಿಂತಿತು.

ಸಿನಿಮಾ ಬಿಟ್ಟ ಮೇಲೆ ದಾರಿಯುದ್ದಕ್ಕೂ ಮುಂದೆ ಅಪ್ಪನ ಮೆಟ್ಟು ಕಿರುಗುಟ್ಟುತ್ತಿತ್ತು. ಮನೆಯೊಳಗೆ ಬಂದ ಮೇಲೆ ಚಿಲಕ ಹಾಕಿದವನು ಅವನೇ.