ಮನೆಯವರ ಬಿಳಿ ಪಿನ್ನು

ಡ್ರಾಯರು ಕಿರ್ರೆಂದಿತು. ದಾಉನ್ ಉಸಿರು ಬಿಗಿಹಿಡಿದಳು. ಒಲೆಯ ಮುಂದಿದ್ದ ಅಮ್ಮ ತಿರುಗಲಿಲ್ಲ. ಅವಳ ಎಡಗಿವಿ ಮೊದಲಿನಿಂದಲೂ ಮಂದ. ಸಹಿಯ ಬದಲು ಅಮ್ಮ ಒತ್ತುವ ಮರದ ಮುದ್ರೆ ಕೈಗೆ ಸಿಕ್ಕಿತು. ಹಲ್ಲು ಬರುವ ವಯಸ್ಸಿನಲ್ಲಿ ದಾಉನ್ ಅದರ ಅಂಚು ಕಚ್ಚಿ ಮುಕ್ಕು ಮಾಡಿದ್ದಳು. ಕೆಂಪು ಮಸಿಗೆ ಅದ್ದಿ ಒಪ್ಪಿಗೆ ಪತ್ರದ ಮೇಲೆ ಒತ್ತಿದಳು. ಒಂದು ಬದಿ ಬಾಯಿಬಿಟ್ಟ ವೃತ್ತ, ಒಳಗೆ ಅಮ್ಮನ ಹೆಸರು. ಕೆಲಸ ಮುಗಿಯಿತು.

ಕಳ್ಳತನವೇ ಸರಿ, ಆದರೆ ಪುಣ್ಯದ ಕೆಲಸಕ್ಕೆ. ಮೊಕ್ಪೊ ಊರಿನ ಅವಳ ಕ್ಯಾಥೊಲಿಕ್ ಹೆಣ್ಣುಮಕ್ಕಳ ಶಾಲೆಯಲ್ಲಿ ಏಳು ಹುಡುಗಿಯರ ಗುಂಪೊಂದಿತ್ತು, ದಾಉನ್ ಅವರಲ್ಲೊಬ್ಬಳು. ದಿಕ್ಕಿಲ್ಲದೆ ಸತ್ತವರಿಗೆ ಅವರೇ ಮನೆಯವರಾಗಿ ನಿಂತು, ಪ್ರಾರ್ಥನೆ ಹಾಡಿ, ಬೂದಿಯಾಗುವವರೆಗೂ ಜೊತೆಗಿರುತ್ತಿದ್ದರು. ಅಮ್ಮನ ಕಡೆಯವರೆಲ್ಲ ದಾಉನ್ ಹುಟ್ಟುವ ಮೊದಲೇ ತೀರಿಕೊಂಡಿದ್ದರಂತೆ. ಅಜ್ಜನ ಮುಖ ಕಾಣದ ಹುಡುಗಿಗೆ ಅನಾಥ ಮುದುಕರೆಂದರೆ ಕರುಳು ಚುರುಕ್ ಎನ್ನುತ್ತಿತ್ತು.

ಪ್ರತಿ ಸಲವೂ ಮನೆಯಿಂದ ಮುದ್ರೆ ಒತ್ತಿಸಿ ತರಬೇಕು. ಎರಡು ವರ್ಷದಿಂದ ಅಮ್ಮ ಓದದೆಯೇ ಒತ್ತಿಕೊಡುತ್ತಿದ್ದಳು. ಈ ಸಲ ಮಾತ್ರ ಮೇಲಿನಿಂದ ಕೆಳಗಿನವರೆಗೆ ಓದಿದಳು.

"ಈ ಶನಿವಾರ ಬೇಡ."

"ಯಾಕಮ್ಮಾ?"

"ಪರೀಕ್ಷೆ ಹತ್ರ ಬಂತು. ಬೇಡ ಅಂದ್ರೆ ಬೇಡ."

ಗುಂಪು ಕಟ್ಟಿದ ಬೇ ಟೀಚರ್ ಕೂಡ ಅದೇ ರಾಗ ತೆಗೆದಿದ್ದರು. ಶುಕ್ರವಾರ ಶವಾಗಾರದ ಕಚೇರಿಗೆ ಹೋಗಿ, ಕಾಗದಪತ್ರ ನೋಡಿಕೊಂಡು ಬಂದಾಗ ಅವರ ಮುಖ ಬಾಡಿತ್ತು.

"ದಾಉನ್, ಈ ಸಲ ನೀನು ಬರ್ಬೇಡ."

"ಯಾಕೆ ಟೀಚರ್? ಯಾರನ್ನೂ ಒಂಟಿಯಾಗಿ ಕಳಿಸ್ಬಾರ್ದು, ನಮ್ಮ ಧರ್ಮ ಇರೋದೇ ಅಲ್ಲಿ ಅಂತ ಹೇಳ್ಕೊಟ್ಟೋರು ನೀವೇ ಅಲ್ವಾ?"

"ನಿಮ್ಮಮ್ಮ ಒಪ್ಪಿದ್ರೆ ನೋಡೋಣ," ಎಂದರು ಟೀಚರ್ ಕೊನೆಗೆ.

ಆ ಒಪ್ಪಿಗೆಯನ್ನೇ ಶನಿವಾರ ಬೆಳಿಗ್ಗೆ ದಾಉನ್ ಶವಾಗಾರದ ಬಾಗಿಲಲ್ಲಿ ಅವರ ಕೈಗಿಟ್ಟಳು. ಟೀಚರ್ ಮುದ್ರೆಯನ್ನೇ ನೋಡುತ್ತ ನಿಂತರು.

"ಅಮ್ಮನೇ ಒತ್ತಿದ್ರಾ?"

"ಹೂಂ." ಸುಳ್ಳು ಸಲೀಸಾಗಿ ಬಂತು.

ಟೀಚರ್ ಕಣ್ಣು ತುಂಬಿಕೊಂಡರು. ಸತ್ತವರ ಮನೆಯ ಹೆಂಗಸರು ಮುಡಿಯುವ ಬಿಳಿ ಪಿನ್ನನ್ನು ಯಾವಾಗಲೂ ಟೀಚರೇ ಮುಡಿಯುತ್ತಿದ್ದರು. ಇಂದು ಅದನ್ನು ದಾಉನ್ ತಲೆಗೆ ಸಿಕ್ಕಿಸಿದರು.

"ಇವತ್ತು ನೀನೇ ಮುಂದೆ ನಿಲ್ಬೇಕು, ಮಗೂ."

ಒಳಗೆ ಪುಟ್ಟ ಫಲಕದ ಮೇಲೆ ಬರೆದಿತ್ತು: ಬೇ ಮನ್‌ಸಿಕ್, ಎಪ್ಪತ್ತೊಂಬತ್ತು ವರ್ಷ. ಫೋಟೊ ಇರಲಿಲ್ಲ, ಬರಿಯ ಚೌಕಟ್ಟು.

"ಏಯ್, ಟೀಚರ್ ಮನೆತನಾನೂ ಬೇ ಅಲ್ವೇನೇ?" ಗೆಳತಿ ಹಾರಿನ್ ಪಿಸುಗುಟ್ಟಿದಳು.

"ಸುಮ್ನಿರೇ. ಬೇ ಅನ್ನೋರು ಗಲ್ಲಿಗೊಬ್ರು ಸಿಗ್ತಾರೆ. ನಮ್ಮಮ್ಮನೂ ಬೇನೇ!"

ಹಾಗೆಂದು ಬಾಯಿ ಮುಚ್ಚಿಸಿದಳೇ ಹೊರತು ತಲೆಗೆ ಹುಳ ಹೊಕ್ಕಿತ್ತು. ಅಷ್ಟರಲ್ಲಿ ಶವಾಗಾರದ ಕಚೇರಿಯ ಗುಮಾಸ್ತ ನೋ ಮಾಮ ಹಣ್ಣಿನ ತಟ್ಟೆ ಇಡಲು ಬಂದರು. ದಾಉನ್ ಕೇಳಿಯೇಬಿಟ್ಟಳು.

"ಇವ್ರಿಗೆ ನಿಜವಾಗ್ಲೂ ಯಾರೂ ಇಲ್ವಾ ಮಾಮ?"

"ಒಬ್ಳು ಮಗಳಿದಾಳೆ. ಇದೇ ಊರು. ಹೆಣ ಬೇಡ ಅಂತ ಬರ್ಕೊಟ್ಟಿದಾಳೆ."

ದಾಉನ್ ತಿರುಗಿ ನೋಡಿದಳು. ಟೀಚರ್ ಒಳಗೇ ಬಂದಿರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಇದೇ ಊರಿನವರು, ಅದೇ ಮನೆತನ. ತನ್ನನ್ನು ಬರಬೇಡ ಎಂದಿದ್ದು, ಪಿನ್ನು ಮುಡಿಯಲು ಹಿಂಜರಿದಿದ್ದು, ಎಲ್ಲಕ್ಕೂ ಈಗ ಅರ್ಥ ಹೊಳೆಯಿತು. ಇಷ್ಟು ದಿನ ನಂಬಿದ್ದ ಟೀಚರ್ ಇವರೇನಾ ಎಂದು ಸಿಟ್ಟು ಬಂತು.

ಊದುಬತ್ತಿ ಹಚ್ಚಿ, ಮನೆಯ ಮಗಳಂತೆ ಎರಡು ಸಲ ಅಡ್ಡಬಿದ್ದಳು. ಹುಡುಗಿಯರು ಎರಡು ಸಾಲಾಗಿ ಕುಳಿತು, ಒಂದು ಬದಿಯವರಿಗೆ ಇನ್ನೊಂದು ಬದಿಯವರು ದನಿಗೂಡಿಸುತ್ತ ಕೀರ್ತನೆಗಳನ್ನು ಹಾಡಿದರು. ಸ್ವಂತ ಮಾತಿನಲ್ಲಿ ಬೇಡಿಕೊಳ್ಳುವ ಹೊತ್ತು ಬಂದಾಗ ದಾಉನ್ ಬೇಕೆಂದೇ ದನಿ ಏರಿಸಿದಳು.

"ಸ್ವಾಮಿ, ಹೆತ್ತಪ್ಪನ್ನ ಬೇಡ ಅಂದ ಆ ಮಗಳನ್ನ ಕ್ಷಮಿಸು. ಅವಳ ಎದೇಲಿರೋ ಕಲ್ಲು ಕರಗಿಸು. ಅದಾಗ್ದಿದ್ರೆ ನಾಚಿಕೆಯನ್ನಾದ್ರೂ ಕೊಡು."

"ನಮ್ಮ ಮೊರೆ ಆಲಿಸು," ಎಂದರು ಎಲ್ಲರೂ. ಬಾಗಿಲಲ್ಲಿದ್ದ ಟೀಚರ್ ತುಟಿ ಮಾತ್ರ ಅಲುಗಲಿಲ್ಲ. ತಕ್ಕ ಶಾಸ್ತಿ ಎಂದುಕೊಂಡಳು ದಾಉನ್.

ಮಧ್ಯಾಹ್ನ ಬೂದಿಯ ಪೆಟ್ಟಿಗೆ ಬಂತು. ಇನ್ನೂ ಬೆಚ್ಚಗಿತ್ತು. ಅದನ್ನು ಎದೆಗವಚಿಕೊಂಡು ದಾಉನ್ ಕಚೇರಿಯ ಮೇಜಿನ ಮುಂದೆ ನಿಂತಳು. ಪಕ್ಕದಲ್ಲಿದ್ದ ಟೀಚರ್ ಸಹಿ ಹಾಕಬೇಕಿತ್ತು. ನೋ ಮಾಮ ಕಡತದ ಹಾಳೆ ಮಗುಚುತ್ತ ಮೆಲ್ಲಗೆ ಹೇಳಿದರು:

"ಆ ಮಗಳನ್ನ ಹಂಗೆಲ್ಲ ಅನ್ಬೇಡಮ್ಮ. ಈ ಕುರ್ಚೀಲೇ ಕೂತು ಅರ್ಧ ಗಂಟೆ ಅತ್ಳು. ಚಿಕ್ಕೋಳಿದ್ದಾಗ ಈ ಮನುಷ್ಯ ಕುಡ್ದು ಬಂದು ಕೆನ್ನೆಗೆ ಬಾರಿಸಿದ್ದು ಒಂದೆರಡು ಸಲ ಅಲ್ವಂತೆ. ಮುಖ ನೋಡಕ್ಕಾಗಲ್ಲ, ಯಾರಾದ್ರೂ ಪ್ರಾರ್ಥನೆ ಹಾಡಿದ್ರೆ ಸಾಕು ಅಂದ್ಲು."

ದಾಉನ್ ತನ್ನ ಮಾತಿಗೆ ತಾನೇ ನಾಚಿ, ಟೀಚರ್ ಕಡೆ ತಿರುಗಿದಳು. "ತಪ್ಪಾಯ್ತು ಟೀಚರ್. ನಿಮ್ಮಪ್ಪ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು."

"ನಮ್ಮಪ್ಪನಾ?" ಟೀಚರ್ ತಬ್ಬಿಬ್ಬಾದರು. "ನಮ್ಮಪ್ಪ ಮನೇಲಿ ಗಡದ್ದಾಗಿ ಉಂಡು ಟೀವಿ ಮುಂದೆ ಕೂತಿದಾರೆ, ಮಗೂ."

ಮರುಕ್ಷಣ ಅವರ ಮುಖದ ಬಣ್ಣ ಇಳಿಯಿತು. "ದಾಉನ್... ಬೆಳಿಗ್ಗೆ ಕೊಟ್ಯಲ್ಲ ಆ ಪತ್ರ, ಅದಕ್ಕೆ ನಿಜವಾಗ್ಲೂ ನಿಮ್ಮಮ್ಮನೇ ಒತ್ತಿದ್ರಾ?"

ಉತ್ತರಕ್ಕೆ ಕಾಯದೆ ಅವರು ತೆರೆದ ಹಾಳೆಯನ್ನು ಅಂಗೈಯಿಂದ ಮುಚ್ಚಲು ಹೋದರು. ತಡವಾಗಿತ್ತು.

ಹೆಣ ಬೇಡವೆಂದು ಬರೆದುಕೊಟ್ಟ ಕಾಗದದ ಕೊನೆಯಲ್ಲಿ, 'ಮಗಳು' ಎಂಬಲ್ಲಿ, ಒಂದು ಬದಿ ಬಾಯಿಬಿಟ್ಟ ಕೆಂಪು ವೃತ್ತವಿತ್ತು.